ಹಳೇ ಡೋಜರ್: ಬಾಡಿಗೆಗೆ ತರಿಸುವುದೋ, ಕೊಂಡು ರಿಪೇರಿ ಮಾಡಿಸುವುದೋ?

ಹತ್ತಿಪ್ಪತ್ತು ಎಕರೆ ಜಮೀನು ಮಟ್ಟ ಮಾಡಿಸಬೇಕು, ತೋಟದೊಳಕ್ಕೆ ದಾರಿ ತೆಗೆಯಬೇಕು, ಇಳಿಜಾರಿಗೆ ಬದು ಹಾಕಿಸಬೇಕು ಎನ್ನುವವರಿಗೆ ಒಂದಲ್ಲ ಒಂದು ದಿನ ಈ ಯೋಚನೆ ಬಂದೇ ಬರುತ್ತದೆ: ಬಾಡಿಗೆಗೆ ಸುರಿಯುವ ದುಡ್ಡಿಗೆ ಒಂದು ಹಳೇ ಚೈನ್ ಡೋಜರನ್ನೇ ಕೊಂಡುಬಿಟ್ಟರೆ ಹೇಗೆ? ಮಾರುವವರೂ ಇದ್ದಾರೆ. ಸ್ಟಾರ್ಟ್ ಮಾಡಿ ಸದ್ದು ಕೇಳಿಸುತ್ತಾರೆ, ಬ್ಲೇಡ್ ಎತ್ತಿ ಇಳಿಸುತ್ತಾರೆ, ಹಳದಿ ಬಣ್ಣ ಹೊಡೆಸಿರುತ್ತಾರೆ. ಈ ಮೂರನ್ನೂ ನೋಡಿ ಬೆಲೆ ಕಟ್ಟಿದವರು ಸಾಮಾನ್ಯವಾಗಿ ಕೈ ಸುಟ್ಟುಕೊಳ್ಳುತ್ತಾರೆ. ಹಳೇ ಡೋಜರಿನ ಬೆಲೆ ಇರುವುದು ಎಂಜಿನ್ನಿನಲ್ಲಲ್ಲ, ಕೆಳಗಿನ ಚೈನು, ರೋಲರು, ಸ್ಪ್ರಾಕೆಟ್ಟಿನಲ್ಲಿ (ಚೈನು ತಿರುಗಿಸುವ ಹಲ್ಲಿನ ಚಕ್ರ). ಡೋಜರಿನ ಆಯುಷ್ಯದುದ್ದಕ್ಕೂ ಆಗುವ ರಿಪೇರಿ ಖರ್ಚಿನಲ್ಲಿ ಹೆಚ್ಚುಕಡಿಮೆ ಅರ್ಧ ಆ ಕೆಳಭಾಗಕ್ಕೇ ಹೋಗುತ್ತದೆ.

ಡೋಜರೇ ಬೇಕೇ?

ಡೋಜರ್ ತಳ್ಳುತ್ತದೆ, ಎತ್ತುವುದಿಲ್ಲ. ಎತ್ತರದ ಕಡೆಯ ಮಣ್ಣು ಕೊರೆದು ತಗ್ಗಿಗೆ ದಬ್ಬುವುದು, ಟಿಪ್ಪರ್ ಸುರಿದ ಗುಡ್ಡೆ ಹರಡುವುದು, ದಾರಿ ಕೊರೆಯುವುದು, ಪೊದೆ ಸವರುವುದು ಇವುಗಳಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಮಣ್ಣು ಸಾಗುವ ದೂರ 50–60 ಮೀಟರ್ ಮೀರಿತೆಂದರೆ ಲಾಭ ಇಳಿಯತೊಡಗುತ್ತದೆ. ಬ್ಲೇಡಿನ ಎರಡೂ ಬದಿಯಿಂದ ಮಣ್ಣು ಸೋರುತ್ತ ಹೋಗುತ್ತದೆ, ವಾಪಸು ಬರುವಾಗ ಗಾಡಿ ಖಾಲಿ ಓಡುತ್ತದೆ, ಚೈನು ಮಾತ್ರ ಎರಡೂ ಕಡೆ ಸವೆಯುತ್ತದೆ. 100 ಮೀಟರ್ ದಾಟಿದರೆ ಹಿಟಾಚಿ ಮತ್ತು ಟಿಪ್ಪರ್ ಜೋಡಿಯೇ ಅಗ್ಗ.

ಕೃಷಿಹೊಂಡ, ಟ್ರೆಂಚು, ಬುಡ ಕೀಳುವುದು ಹಿಟಾಚಿಯ ಕೆಲಸ. ಪೈಪ್‌ಲೈನ್, ಲೋಡಿಂಗ್, ಅಲ್ಲೊಂದು ಇಲ್ಲೊಂದು ಗುಂಡಿ ಇದ್ದರೆ ಜೆಸಿಬಿ ಸಾಕು. ಜೆಸಿಬಿಯ ಮುಂದಿನ ಬಕೆಟ್ಟಿನಲ್ಲಿ ದೊಡ್ಡ ಹೊಲ ಮಟ್ಟ ಮಾಡಲು ಹೊರಟರೆ ಟೈರು ತಗ್ಗಿಗೆ ಇಳಿದಾಗ ಬಕೆಟ್ಟೂ ಇಳಿದು ನೆಲ ಅಲೆಅಲೆಯಾಗುತ್ತದೆ. ಗದ್ದೆಯ ಕೊನೆಯ ಒಂದೆರಡು ಅಂಗುಲದ ಮಟ್ಟಕ್ಕೆ ಡೋಜರೂ ಬೇಡ, ಟ್ರ್ಯಾಕ್ಟರಿಗೆ ಕಟ್ಟಿದ ಲೇಸರ್ ಲೆವೆಲರ್ ಒಳ್ಳೆಯದು.

ಯಾವ ಯಂತ್ರ ತಂದರೂ ಮೇಲ್ಮಣ್ಣಿನ ವಿಚಾರ ಮರೆಯುವಂತಿಲ್ಲ. ಮೊದಲು ಮೇಲಿನ 15–20 ಸೆಂ.ಮೀ. ಮಣ್ಣು ಕೆರೆದು ಬದಿಗೆ ಗುಡ್ಡೆ ಹಾಕಿಸಿ, ಒಳಮಣ್ಣು ಮಟ್ಟ ಮಾಡಿಸಿ, ಆಮೇಲೆ ಮೇಲ್ಮಣ್ಣು ಮತ್ತೆ ಹರಡಿಸಬೇಕು. ಒಂದೇ ಸಲಕ್ಕೆ ತಳ್ಳಿದರೆ ಕೊರೆದ ಕಡೆ ಬರೀ ಗರಸು ಉಳಿದು ಕೆಲವು ವರ್ಷ ಬೆಳೆ ಏಳುವುದಿಲ್ಲ. ತುಂಬಿದ ಕಡೆ ಮನೆ, ಶೆಡ್ಡು ಕಟ್ಟುವುದಿದ್ದರೆ 20–25 ಸೆಂ.ಮೀ. ಪದರ ಹರಡಿ ಪ್ರತಿ ಪದರಕ್ಕೂ ರೋಲರ್ ಓಡಿಸಿ. ಡೋಜರ್ ಓಡಾಡಿದೆಯಲ್ಲ, ನೆಲ ಗಟ್ಟಿಯಾಗಿದೆ ಎನ್ನುವುದು ತಪ್ಪು. ಅದರ ಭಾರವೆಲ್ಲ ಅಗಲವಾದ ಚೈನಿನ ಮೇಲೆ ಹಂಚಿಹೋಗುವುದರಿಂದ ಒತ್ತಡ ಕಡಿಮೆ.

ಲೆಕ್ಕ ಹೀಗೆ ಹಾಕಿ

ದರಗಳು ಊರಿಂದೂರಿಗೆ ಬೇರೆ, ಆದ್ದರಿಂದ ಕೆಳಗಿನ ಅಂಕಿಗಳ ಜಾಗದಲ್ಲಿ ನಿಮ್ಮವನ್ನು ಹಾಕಿಕೊಳ್ಳಿ. ಡಿ-50 ಅಳತೆಯ (11–12 ಟನ್ನಿನ) ಗಾಡಿಗೆ 9 ಲಕ್ಷ, ರಿಪೇರಿ ಮತ್ತು ಸಾಗಣೆಗೆ 4 ಲಕ್ಷ, ಒಟ್ಟು 13 ಲಕ್ಷ ಎಂದುಕೊಳ್ಳೋಣ. ಮೂರು ವರ್ಷ ಬಳಸಿ 7 ಲಕ್ಷಕ್ಕೆ ಮಾರಿದರೆ ಕಳೆದದ್ದು 6 ಲಕ್ಷ. ಆ 13 ಲಕ್ಷಕ್ಕೆ ಶೇ 9ರಂತೆ ಮೂರು ವರ್ಷದ ಬಡ್ಡಿ ಸುಮಾರು 3.5 ಲಕ್ಷ. ಅಂದರೆ ಗಾಡಿ ಒಂದು ಗಂಟೆಯೂ ಓಡದೆ ನಿಂತರೂ 9.5 ಲಕ್ಷ ಹೋಯಿತು.

ಇನ್ನು ಓಡಿಸುವ ಖರ್ಚು. ಗಂಟೆಗೆ 12 ಲೀಟರ್ ಡೀಸೆಲ್, ಲೀಟರಿಗೆ 90 ರೂ. ಎಂದರೆ 1,080. ಆಪರೇಟರಿಗೆ 150, ಚೈನು, ಆಯಿಲು, ಫಿಲ್ಟರು, ಚಿಲ್ಲರೆ ರಿಪೇರಿಗೆ 450. ಒಟ್ಟು 1,680. ಇದೇ ಕೆಲಸಕ್ಕೆ ಡೀಸೆಲ್ ಸೇರಿ ಬಾಡಿಗೆ 2,500 ಇದ್ದರೆ ಗಂಟೆಗೆ ಉಳಿಯುವುದು 820 ರೂ. 9.5 ಲಕ್ಷ ಮರಳಿ ಬರಬೇಕಾದರೆ 1,160 ಗಂಟೆ ದುಡಿಸಬೇಕು, ವರ್ಷಕ್ಕೆ 390 ಗಂಟೆಯಷ್ಟು. ಇಪ್ಪತ್ತು ಎಕರೆಯವರ ಸ್ವಂತ ಕೆಲಸ ಇದರ ಕಾಲುಭಾಗಕ್ಕೂ ಬರುವುದಿಲ್ಲ. ಹಾಗಾಗಿ ಒಬ್ಬರೇ ಕೊಳ್ಳುವುದಕ್ಕಿಂತ ನಾಲ್ಕೈದು ಜಮೀನಿನವರು ಪಾಲು ಹಾಕಿ ಕೊಳ್ಳುವುದು, ಇಲ್ಲವೇ ಸುತ್ತಮುತ್ತ ಬಾಡಿಗೆಗೆ ಬಿಡುವ ಧೈರ್ಯ ಇದ್ದರಷ್ಟೇ ಕೈಹಾಕುವುದು ಸರಿ.

ಲೆಕ್ಕಕ್ಕೆ ಸಿಗದ ಒಂದು ಅಂಶವಿದೆ. ಡೋಜರ್ ಆಪರೇಟರುಗಳು ಕಡಿಮೆಯಾಗಿದ್ದಾರೆ. ಹಿಟಾಚಿ ಓಡಿಸುವ ಹುಡುಗರು ಊರಿಗೊಬ್ಬರು ಸಿಗುತ್ತಾರೆ, ಎರಡು ಸ್ಟೀರಿಂಗ್ ಲಿವರಿನ ಹಳೇ ಡೋಜರಿನಲ್ಲಿ ನೆಲ ಮಟ್ಟ ತೆಗೆಯಬಲ್ಲವರು ಹೆಚ್ಚಾಗಿ ಐವತ್ತು ದಾಟಿದವರು. ಆಪರೇಟರ್ ಗೊತ್ತಾದ ಮೇಲೆ ಗಾಡಿ ಹುಡುಕಿ.

ಯಾವ ಅಳತೆ?

ಕರ್ನಾಟಕದಲ್ಲಿ ಹಳೇ ಡೋಜರ್ ಎಂದರೆ ಬಹುಪಾಲು ಬಿಇಎಂಎಲ್ ಗಾಡಿ. 1964ರಲ್ಲಿ ಹುಟ್ಟಿದ ಈ ಸರ್ಕಾರಿ ಕಂಪನಿ ಜಪಾನಿನ ಕೊಮಾತ್ಸು ಜತೆಗಿನ ಸಹಯೋಗದಲ್ಲಿ ಕೆಜಿಎಫ್‌ನ ಕಾರ್ಖಾನೆಯಲ್ಲಿ ಡೋಜರ್ ತಯಾರಿಸಿತು. ಮಾದರಿಗಳು ಕೊಮಾತ್ಸುವಿನವೇ ಆದ್ದರಿಂದ ಚೈನು, ರೋಲರಿನಂಥ ಕೆಳಭಾಗದ ಸಾಮಾನು ಬೇರೆ ಕಂಪನಿಗಳದ್ದೂ ಹೊಂದುತ್ತದೆ. ಅಪರೂಪದ ಮೇಕಿನ ಗಾಡಿ ಅರ್ಧ ಬೆಲೆಗೆ ಸಿಕ್ಕರೂ ಬೇಡ ಎನ್ನುವುದು ಇದಕ್ಕೇ.

ಡಿ-50 ಸುಮಾರು 11–12 ಟನ್, 90ರಿಂದ 110 ಎಚ್‌ಪಿ. ಡಿ-65 ಸುಮಾರು 16 ಟನ್. ಡಿ-80 ಇಪ್ಪತ್ತು ಟನ್ನಿನ ಆಸುಪಾಸು, 180 ಎಚ್‌ಪಿ. ಜಮೀನು, ತೋಟ, ಲೇಔಟಿನ ಕೆಲಸಕ್ಕೆ ಡಿ-50 ಸಾಕು. ಡಿ-80 ಹರಾಜಿನಲ್ಲಿ ಡಿ-50ಯ ಬೆಲೆಗೇ ಸಿಗುವುದುಂಟು, ಆಸೆಪಡಬೇಡಿ. ಡೀಸೆಲ್ ಹತ್ತಿರ ಹತ್ತಿರ ಎರಡು ಪಟ್ಟು, ಪ್ರತಿ ಸಾಗಣೆಗೂ ಲೋಬೆಡ್ (ತಗ್ಗು ಟ್ರೇಲರ್) ಬೇಕು, ಹಳ್ಳಿಯ ಮೋರಿ ಅದರ ಭಾರ ತಡೆಯುವುದಿಲ್ಲ. ಗಟ್ಟಿ ಜಂಬಿಟ್ಟಿಗೆ, ಒಡೆಯಬೇಕಾದ ಮೊರಂಪು ಇದ್ದು ಹಿಂದೆ ನೆಲ ಸೀಳುವ ರಿಪ್ಪರ್ ಕಟ್ಟಲೇಬೇಕೆಂದರೆ ಮಾತ್ರ ಡಿ-65 ಅಥವಾ ಮೇಲಿನದು.

ಹೆಸರಿನ ಕೊನೆಗೆ ‘ಪಿ’ ಇದ್ದರೆ ಅದು ಕೆಸರಿನ ಗಾಡಿ, ಶೂಗಳು (ಚೈನಿನಲ್ಲಿ ನೆಲಕ್ಕೆ ತಾಗುವ ಪಟ್ಟಿಗಳು) ಅಗಲ. ಗದ್ದೆ, ಕೆರೆ ಹೂಳಿಗೆ ಚೆನ್ನ. ಕಲ್ಲುನೆಲದಲ್ಲಿ ಅದೇ ಅಗಲದ ಶೂ ತುದಿಗೆ ಕಲ್ಲು ಸಿಕ್ಕಿ ಬಾಗುತ್ತದೆ, ಬೋಲ್ಟು ಸಡಿಲಾಗುತ್ತದೆ, ಪಿನ್ನಿನ ಮೇಲೆ ತಿರುಚು ಬೀಳುತ್ತದೆ. ಹೂತುಹೋಗದಷ್ಟು ಅಗಲವಿದ್ದರೆ ಸಾಕು, ಅದಕ್ಕಿಂತ ಹೆಚ್ಚು ಬೇಡ.

ಮೇನ್ ಕ್ಲಚ್ಚೋ, ಪವರ್‌ಶಿಫ್ಟೋ?

ಕೊಮಾತ್ಸು ಮಾದರಿಗಳಲ್ಲಿ ಡಿ-50, ಡಿ-60, ಡಿ-80 ಎಂದರೆ ಮೇನ್ ಕ್ಲಚ್ ಮತ್ತು ಗೇರ್, ಕ್ಲಚ್ ಬಿಡಿಸಿ ಗೇರ್ ಬದಲಿಸಬೇಕು. ಡಿ-65, ಡಿ-85 ಎಂದರೆ ಟಾರ್ಕ್ ಕನ್ವರ್ಟರ್ ಇರುವ ಪವರ್‌ಶಿಫ್ಟ್, ಆಯಿಲ್ ಒತ್ತಡದಲ್ಲೇ ಗೇರ್ ಬದಲಾಗುತ್ತದೆ.

ಪವರ್‌ಶಿಫ್ಟ್ ಓಡಿಸಲು ಸಲೀಸು. ಹಿಂದೆಮುಂದೆ ಓಡಾಟದ ಕೆಲಸದಲ್ಲಿ ಗಂಟೆಗೆ ಹೆಚ್ಚು ಮಣ್ಣು ತಳ್ಳುತ್ತದೆ. ಆದರೆ ಕೆಟ್ಟರೆ ಪಂಪು, ವಾಲ್ವು, ಕ್ಲಚ್ ಪ್ಯಾಕ್ ಎಲ್ಲ ಬಿಚ್ಚಬೇಕು, ಪ್ರೆಷರ್ ಗೇಜ್ ಹಾಕಿ ನೋಡಬಲ್ಲ ಮೆಕ್ಯಾನಿಕ್ ಬೇಕು. ಮೇನ್ ಕ್ಲಚ್ಚಿನ ಗಾಡಿಯನ್ನು ತಾಲ್ಲೂಕು ಊರಿನ ಒಳ್ಳೇ ಟ್ರ್ಯಾಕ್ಟರ್ ಮೆಕ್ಯಾನಿಕ್ಕೂ ಅರ್ಥಮಾಡಿಕೊಂಡು ಬಿಚ್ಚುತ್ತಾನೆ. ವರ್ಷಕ್ಕೆ ಇನ್ನೂರು ಗಂಟೆ ಓಡಿಸುವವರಿಗೆ ಇದೇ ಸರಿ.

ಪರೀಕ್ಷೆ ಒಂದೇ ರೀತಿ. ಎಂಜಿನ್ ಬಿಸಿಯಾದ ಮೇಲೆ ಗಟ್ಟಿ ದಿಬ್ಬಕ್ಕೆ ಬ್ಲೇಡ್ ಆನಿಸಿ ಒಂದನೇ ಗೇರಿನಲ್ಲಿ ತಳ್ಳಿಸಿ. ಎರಡೂ ಚೈನು ನೆಲ ಕೆರೆಯುತ್ತ ತಿರುಗಬೇಕು, ಇಲ್ಲವೇ ಎಂಜಿನ್ ಒದ್ದಾಡಿ ಇಳಿಯಬೇಕು. ಎಂಜಿನ್ ಹಾಯಾಗಿ ಓಡುತ್ತಿದ್ದು ಎರಡೂ ಚೈನು ನಿಂತರೆ ಮೇನ್ ಕ್ಲಚ್ ಜಾರುತ್ತಿದೆ. ಒಂದೇ ಕಡೆಯದು ನಿಂತರೆ ಆ ಬದಿಯ ಚೈನಿಗೆ ಶಕ್ತಿ ಕೊಡುವ ಸ್ಟೀರಿಂಗ್ ಕ್ಲಚ್ ಹೋಗಿದೆ. ಆಮೇಲೆ ಬಯಲಿನಲ್ಲಿ ಒಂದೊಂದೇ ಲಿವರ್ ಎಳೆದು ತಿರುಗಿಸಿ. ಲಿವರ್ ಎಳೆದರೂ ಗಾಡಿ ನೇರವೇ ಹೋದರೆ ಪ್ಲೇಟುಗಳು ಅಂಟಿಕೊಂಡಿವೆ, ವರ್ಷಗಟ್ಟಲೆ ಮಳೆಯಲ್ಲಿ ನಿಂತ ಗಾಡಿಯ ಲಕ್ಷಣ ಅದು. ಪವರ್‌ಶಿಫ್ಟಿನಲ್ಲಿ ಈ ತಳ್ಳುವ ಪರೀಕ್ಷೆ ಕೆಲವೇ ಸೆಕೆಂಡು ಮಾತ್ರ, ಆಯಿಲ್ ಬೇಗ ಕಾಯುತ್ತದೆ.

ಸ್ಟೀರಿಂಗ್ ಕ್ಲಚ್ಚಿನ ಪ್ಲೇಟಿಗಿಂತ ಬಿಚ್ಚಿ ಕಟ್ಟುವ ಕೂಲಿಯೇ ದೊಡ್ಡದು. ಸೀಟು, ಹಿಂದಿನ ಡೀಸೆಲ್ ಟ್ಯಾಂಕು ಎಲ್ಲ ಕ್ರೇನಿನಲ್ಲಿ ಎತ್ತಿಡಬೇಕು. ಹಾಗಾಗಿ ಬಿಚ್ಚಿದರೆ ಎರಡೂ ಬದಿಯದನ್ನು ಒಟ್ಟಿಗೇ ಮುಗಿಸಿ. ಆಯಿಲಿನಲ್ಲಿ ಮುಳುಗಿರುವ ಕ್ಲಚ್ಚಿನ ಪೆಟ್ಟಿಗೆಗೆ ‘ಗೇರ್ ಅಲ್ಲವೇ’ ಎಂದು 90 ನಂಬರ್ ಗೇರ್ ಆಯಿಲ್ ಸುರಿಯುವುದು ಸಾಮಾನ್ಯ ತಪ್ಪು. ಹೊಸ ಪ್ಲೇಟೂ ಜಾರುತ್ತದೆ. ಮ್ಯಾನ್ಯುಯಲ್ ಹೇಳಿದ ಗ್ರೇಡೇ ಹಾಕಬೇಕು.

ಚೈನು: ಅಳೆಯದೆ ಬೆಲೆ ಹೇಳಬೇಡಿ

ಒಂದು ಮೀಟರ್ ಟೇಪು, ಒಂದು ಉಳಿ, ಒಂದು ಹಳೇ ಪಿನ್ನು ಜತೆಗಿರಲಿ. ಸ್ಪ್ರಾಕೆಟ್ ಹಲ್ಲಿಗೂ ಚೈನಿಗೂ ನಡುವೆ ಆ ಪಿನ್ನು ಇಟ್ಟು ಗಾಡಿ ನಿಧಾನಕ್ಕೆ ಹಿಂದಕ್ಕೆ ತೆಗೆಸಿ. ಮೇಲ್ಭಾಗದ ಚೈನು ಬಿಗಿಯುತ್ತದೆ. ಎಂಜಿನ್ ಆಫ್ ಮಾಡಿ, ಬ್ರೇಕ್ ಲಾಕ್ ಹಾಕಿ, ಮಣ್ಣು ಕೆರೆದು, ಒಂದು ಪಿನ್ನಿನ ಮಧ್ಯದಿಂದ ಐದನೇ ಪಿನ್ನಿನ ಮಧ್ಯದವರೆಗೆ ಅಳೆಯಿರಿ. ಚೈನಿನ ಎರಡು ತುದಿ ಕೂಡಿಸುವ ಮಾಸ್ಟರ್ ಪಿನ್ ಆ ಅಳತೆಯೊಳಗೆ ಬರಬಾರದು. ಹೊಸ ಚೈನಿನಲ್ಲಿ ಈ ನಾಲ್ಕು ಲಿಂಕಿನ ಉದ್ದ ಡಿ-50ಗೆ ಸುಮಾರು 700 ಮಿ.ಮೀ., ಡಿ-65ಕ್ಕೆ 813, ಡಿ-80ಕ್ಕೆ 864. ಲಿಂಕಿಗೆ 3 ಮಿ.ಮೀ.ನಂತೆ ಒಟ್ಟು 12 ಮಿ.ಮೀ. ಹಿಗ್ಗಿದ್ದರೆ ಮಿತಿ ಮುಟ್ಟಿದೆ ಎಂದರ್ಥ. ಎರಡೂ ಬದಿ, ಎರಡು ಮೂರು ಜಾಗದಲ್ಲಿ ಅಳೆಯಿರಿ.

ಹಿಗ್ಗುವುದು ಕಬ್ಬಿಣವಲ್ಲ. ಪಿನ್ನಿನ ಒಂದು ಮಗ್ಗುಲು, ಅದರ ಸುತ್ತ ಕೊಳವೆಯಂತಿರುವ ಬುಷ್ಷಿನ ಒಳಮೈ ಸವೆದು ನಡುವೆ ಆಡುತ್ತದೆ. ಹೊರಗೆ ಸ್ಪ್ರಾಕೆಟ್ ಹಲ್ಲು ತಾಗುವ ಜಾಗದಲ್ಲೂ ಬುಷ್ ಸವೆಯುತ್ತದೆ. ಸವೆತ ಒಂದೇ ಮಗ್ಗುಲಿಗೆ ಆಗುವುದರಿಂದ 100 ಟನ್ ಮಟ್ಟದ ಪ್ರೆಸ್‌ನಲ್ಲಿ ಪಿನ್-ಬುಷ್ ಹೊರತೆಗೆದು ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ ಹೊಸ ಮಗ್ಗುಲು ಕೆಲಸಕ್ಕೆ ಬರುತ್ತದೆ. ಹೊಸ ಚೈನಿನ ಬೆಲೆಯ ಒಂದು ಪಾಲಿನಲ್ಲಿ ಇದು ಮುಗಿಯುತ್ತದೆ. ಆದರೆ ಮಿತಿ ದಾಟುವ ಮುಂಚೆ ಮಾಡಿಸಬೇಕು. ಬುಷ್ಷಿನ ಗಟ್ಟಿ ಪದರ ಹೋಗಿ ಬಿರುಕು ಬಿಟ್ಟ ಮೇಲೆ ತಿರುಗಿಸಿ ಪ್ರಯೋಜನವಿಲ್ಲ. ಹಾಗಾಗಿ 6–9 ಮಿ.ಮೀ. ಹಿಗ್ಗಿರುವ ಗಾಡಿ, 12 ಮೀರಿದ ಗಾಡಿಗಿಂತ ಬೆಲೆಯಲ್ಲಿ ಲಕ್ಷಗಟ್ಟಲೆ ಮೇಲು. ಎಂಜಿನ್ ಹೇಗಿದ್ದರೂ ಸರಿ.

ಮಾರುವವರ ಒಂದು ಕೈಚಳಕ ಇಲ್ಲೇ ಇದೆ. ಹಿಗ್ಗಿದ ಚೈನು ಜೋತುಬೀಳುತ್ತದೆ, ಚೈನು ಬಿಗಿಯುವ ಗ್ರೀಸ್ ಅಡ್ಜಸ್ಟರ್ ಕೊನೆ ಮುಟ್ಟಿರುತ್ತದೆ. ಆಗ ಒಂದು ಲಿಂಕ್ ತೆಗೆದು ಚೈನು ಜೋಡಿಸಿಬಿಟ್ಟರೆ ನೋಡಲು ಬಿಗಿಯಾಗಿ ಕಾಣುತ್ತದೆ. ಎರಡೂ ಬದಿಯ ಶೂ ಎಣಿಸಿ, ಮಾದರಿಯ ಮೂಲ ಸಂಖ್ಯೆಗೆ ಹೋಲಿಸಿ. ಎರಡೂ ಬದಿಯಲ್ಲಿ ತೆಗೆದಿದ್ದರೆ ಎಣಿಕೆ ಸಮನಾಗಿಯೇ ಇರುತ್ತದೆ, ಆದ್ದರಿಂದ ಟೇಪಿನ ಅಳತೆಯನ್ನೇ ನಂಬಿ.

ಸ್ಪ್ರಾಕೆಟ್ ಹಲ್ಲು ಚೂಪಾಗಿ ಒಂದು ಕಡೆಗೆ ಬಾಗಿದ್ದರೆ ಅದು ಮುಗಿದಿದೆ. ಹಳೇ ಸ್ಪ್ರಾಕೆಟ್ಟಿನ ಮೇಲೆ ಹೊಸ ಚೈನು ಹಾಕಿದರೆ ಹೊಸ ಬುಷ್ಷನ್ನೇ ಅದು ತಿನ್ನುತ್ತದೆ, ಎರಡನ್ನೂ ಒಟ್ಟಿಗೇ ಬದಲಿಸಿ. ರೋಲರುಗಳ ತುದಿಯಲ್ಲಿ ಎಣ್ಣೆ ಜಿನುಗಿ ಧೂಳು ಕಪ್ಪಗೆ ಅಂಟಿದ್ದರೆ ಸೀಲ್ ಹೋಗಿದೆ. ತಿರುಗದೆ ಒಂದೇ ಕಡೆ ಚಪ್ಪಟೆಯಾದ ರೋಲರ್ ಚೈನಿನ ಲಿಂಕನ್ನೂ ಹಾಳುಮಾಡುತ್ತದೆ. ಕೆಳಗಿನ ರೋಲರುಗಳಲ್ಲಿ ಒಂಟಿ ಅಂಚಿನವು, ಜೋಡಿ ಅಂಚಿನವು ಎಂದು ಎರಡು ಬಗೆ. ಬಿಚ್ಚುವಾಗ ಯಾವುದು ಎಲ್ಲಿತ್ತು ಎಂದು ಫೋಟೋ ತೆಗೆದಿಟ್ಟುಕೊಳ್ಳಿ, ಅದಲುಬದಲಾದರೆ ಅಂಚು ಸ್ಪ್ರಾಕೆಟ್ಟಿಗೋ ಐಡ್ಲರಿಗೋ (ಚೈನಿನ ಮುಂದಿನ ಚಕ್ರ) ತಾಗುತ್ತದೆ. ಶೂವಿನ ಏಣು 25–30 ಮಿ.ಮೀ.ಗೆ ಇಳಿದಿದ್ದರೆ ಗಾಡಿ ಹಿಡಿತ ಕಳೆದುಕೊಳ್ಳುತ್ತದೆ. ಲಿಂಕು ಚೆನ್ನಾಗಿದ್ದರೆ ಮಾತ್ರ ಏಣಿನ ಮೇಲೆ ಪಟ್ಟಿ ವೆಲ್ಡ್ ಮಾಡಿಸುವುದು ಲಾಭ.

ಉಳಿದ ಪರೀಕ್ಷೆಗಳು

ನೀವು ಹೋಗುವ ಮುಂಚೆ ಗಾಡಿ ಸ್ಟಾರ್ಟ್ ಮಾಡಬೇಡಿ ಎಂದು ಹೇಳಿ. ಬಾನೆಟ್ ಮುಟ್ಟಿ ನೋಡಿ, ಬಿಸಿಯಿದ್ದರೆ ತಣ್ಣಗಾಗುವವರೆಗೆ ಕಾಯಿರಿ. ಸ್ಟಾರ್ಟ್ ಮಾಡುವ ಮುಂಚೆ ಎಂಜಿನ್ ಆಯಿಲಿನ ಡ್ರೈನ್ ಬೋಲ್ಟ್ ಒಂದೆರಡು ಸುತ್ತು ಸಡಿಲಿಸಿ. ಮೊದಲು ನೀರಿನ ಹನಿ ಬಂದರೆ ಲೈನರ್ ಸೀಲೋ, ಹೆಡ್ಡೋ, ಆಯಿಲ್ ಕೂಲರೋ ಸೋರುತ್ತಿದೆ. ಬಿಸಿಯಾದ ಮೇಲೂ ನೀಲಿ ಹೊಗೆ ನಿಲ್ಲದಿದ್ದರೆ ರಿಂಗ್-ಲೈನರ್ ಸವೆದಿವೆ. ಬ್ರೀದರ್ ಪೈಪಿನಿಂದ ಹೊಗೆ ರಭಸವಾಗಿ ಬಂದರೂ ಅದೇ ಕಥೆ. ಬಿಸಿ ಎಂಜಿನ್ನಿನಲ್ಲಿ ಐಡ್ಲಿಂಗ್‌ಗೆ ಆಯಿಲ್ ಪ್ರೆಷರ್ ಮುಳ್ಳು ತಳಕ್ಕೆ ಬಿದ್ದರೆ ಬೇರಿಂಗ್ ಲೆಕ್ಕಕ್ಕೆ ಸೇರಿಸಿ. ಇವೆಲ್ಲ ದುಬಾರಿ ಅನಿಸಿದರೂ ಸಾಮಾನು ಸಿಗುತ್ತದೆ, ಲೇತ್‌ನವರು ಸಿಗುತ್ತಾರೆ.

ಹೆಚ್ಚು ಭಯಪಡಬೇಕಾದ್ದು ಫೈನಲ್ ಡ್ರೈವ್, ಅಂದರೆ ಸ್ಪ್ರಾಕೆಟ್ ತಿರುಗಿಸುವ ಕೊನೆಯ ಗೇರ್ ಪೆಟ್ಟಿಗೆ. ಸ್ಪ್ರಾಕೆಟ್ ಹಿಂದಿನ ಸೀಲಿನ ಸುತ್ತ ಎಣ್ಣೆ ಒದ್ದೆ ಇದ್ದರೆ, ಕೆಳಗಿನ ಪ್ಲಗ್ ಸಡಿಲಿಸಿದಾಗ ಹಾಲಿನಂಥ ಆಯಿಲ್ ಬಂದರೆ, ಬೆರಳಿಗೆ ಕಬ್ಬಿಣದ ಚೂರು ತಾಗಿದರೆ ಬೆಲೆ ಅರ್ಧಕ್ಕೆ ಇಳಿಸಿ, ಇಲ್ಲವೇ ಬಿಟ್ಟುಬಿಡಿ. ತೋಟದಲ್ಲಿ ದುಡಿದ ಗಾಡಿಗಳಲ್ಲಿ ಬೇಲಿ ತಂತಿ ಸುತ್ತಿಕೊಂಡು ಈ ಸೀಲ್ ಕತ್ತರಿಸಿರುತ್ತದೆ.

ಬ್ಲೇಡ್ ಎತ್ತಿ ಎಂಜಿನ್ ಆಫ್ ಮಾಡಿ, ಐದು ನಿಮಿಷ ದೂರ ನಿಂತು ನೋಡಿ. ಬೇಗ ಇಳಿದರೆ ಸಿಲಿಂಡರ್ ಸೀಲೋ ವಾಲ್ವೋ ಹೋಗಿದೆ, ಇದು ಚಿಕ್ಕ ಖರ್ಚು. ಕಟಿಂಗ್ ಎಡ್ಜ್ ಸವೆದು ಬ್ಲೇಡಿನ ಮೂಲ ತಗಡೇ ನೆಲ ಕೆರೆದಿದ್ದರೆ ಮಾತ್ರ ವೆಲ್ಡಿಂಗ್ ಕೆಲಸ ದೊಡ್ಡದು.

ಅವರ್ ಮೀಟರ್ (ಓಡಿದ ಗಂಟೆ ತೋರಿಸುವ ಮೀಟರ್) ಒಂದನ್ನೇ ನಂಬಿ ಬೆಲೆ ಕಟ್ಟಬೇಡಿ.

ಎಲ್ಲಿಂದ ಕೊಳ್ಳುವುದು?

ಸರ್ಕಾರಿ ಇಲಾಖೆ, ಸಾರ್ವಜನಿಕ ಉದ್ದಿಮೆಗಳ ಹಳೇ ಯಂತ್ರಗಳು ಕೇಂದ್ರ ಸರ್ಕಾರದ ಕಂಪನಿಯಾದ ಎಂಎಸ್‌ಟಿಸಿ ಮೂಲಕ ಇ-ಹರಾಜಿಗೆ ಬರುತ್ತವೆ. ‘ಇದ್ದಲ್ಲಿ ಇದ್ದಂತೆ’ ಎಂಬ ಷರತ್ತು, ಓಡಿಸಿ ನೋಡಲು ಬಿಡುವುದು ಅಪರೂಪ, ತೆರಿಗೆ ಬೇರೆ, ನಿಗದಿತ ದಿನದೊಳಗೆ ಎತ್ತಿಕೊಂಡು ಹೋಗಬೇಕು. ಬ್ಯಾಟರಿ, ಡೈನಮೋ, ಕೆಲವೊಮ್ಮೆ ಫ್ಯೂಯಲ್ ಪಂಪೂ ಇರುವುದಿಲ್ಲ. ಇಂಥದ್ದಕ್ಕೆ ಗುಜರಿ ಬೆಲೆಯ ಮೇಲೆ ಸ್ವಲ್ಪ ಇಟ್ಟು ಬಿಡ್ ಮಾಡಿ. 11 ಟನ್, ಕಿಲೋಗೆ 30 ರೂ. ಸಿಕ್ಕರೆ 3.3 ಲಕ್ಷ, ಅದು ನಿಮ್ಮ ನೆಲಬೆಲೆ.

ಗಣಿಯಲ್ಲಿ ದುಡಿದ ಗಾಡಿ ಬೇಡವೆನ್ನುವುದಕ್ಕೆ ಕಾರಣ ಎಂಜಿನ್ನಿಗಿಂತ ಅದಿರಿನ ಪುಡಿ, ಪಿನ್-ಬುಷ್ಷನ್ನು ಅರೆದುಬಿಟ್ಟಿರುತ್ತದೆ. ನಿಂತ ಗಾಡಿಗಿಂತ, ಈಗಲೂ ಕೆಲಸದಲ್ಲಿರುವುದನ್ನು ಮಾಲೀಕನಿಂದಲೇ ಕೊಳ್ಳುವುದು ಎಲ್ಲಕ್ಕಿಂತ ಮೇಲು. ಬೆಲೆ ಹೆಚ್ಚು, ಆದರೆ ಕೆಲಸ ಮಾಡುವಾಗಲೇ ನೋಡಬಹುದು. ಕಬ್ಬಿಣದ ಚೈನಿನ ಗಾಡಿಗೆ ಆರ್‌ಸಿ ಇರುವುದಿಲ್ಲವಾದ್ದರಿಂದ ಮೂಲ ಇನ್‌ವಾಯ್ಸ್, ಚಾಸಿ ಮತ್ತು ಎಂಜಿನ್ ನಂಬರ್ ಬರೆದ ಮಾರಾಟ ಪತ್ರ, ಸಾಲವಿದ್ದರೆ ಬ್ಯಾಂಕಿನ ಎನ್‌ಒಸಿ ಕೈಗೆ ಬಂದ ಮೇಲೆ ದುಡ್ಡು ಕೊಡಿ.

ಸಾಗಣೆಗೆ ಮುಂಚೆ ಬ್ಲೇಡಿನ ಅಗಲ ನೋಡಿ. ಡಿ-50ಯ ಕೋನ ಬ್ಲೇಡು ಮೂರೂವರೆ ಮೀಟರ್ ದಾಟುತ್ತದೆ, ತಿರುಗಿಸಿದರೂ ಲಾರಿಯ ಮೈಯಿಂದ ಹೊರಗೇ ಇರುತ್ತದೆ. ಬಿಚ್ಚಿ ಹೇರಬೇಕು. ಊರಿನ ಟಾರು ರಸ್ತೆ ದಾಟಿಸುವಾಗ ಹಳೇ ಟೈರು ಹಾಸಿ, ಇಲ್ಲದಿದ್ದರೆ ಪಂಚಾಯಿತಿಯ ಜಗಳ ಗ್ಯಾರಂಟಿ. ತೋಟದಲ್ಲಿ ಮರ ಬೀಳಿಸುವುದಿದ್ದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕಾಗಬಹುದು, ಅರಣ್ಯ ಇಲಾಖೆಯಲ್ಲಿ ಮೊದಲೇ ವಿಚಾರಿಸಿ.

ತಂದ ಮೇಲೆ

ಮೊದಲ ವಾರ ಮಣ್ಣು ಮುಟ್ಟಬೇಡಿ. ಎಂಜಿನ್, ಕ್ಲಚ್ ಪೆಟ್ಟಿಗೆ, ಫೈನಲ್ ಡ್ರೈವ್, ಹೈಡ್ರಾಲಿಕ್ ಆಯಿಲ್ ಎಲ್ಲ ಇಳಿಸಿ, ಫಿಲ್ಟರ್ ಕೊಯ್ದು ಒಳಗಿನ ಮಡಿಕೆಯಲ್ಲಿ ಏನಿದೆ ನೋಡಿ. ಡೀಸೆಲ್ ಟ್ಯಾಂಕಿನ ತಳದ ಕೆಸರು ತೊಳೆಯಿಸಿ. ರೇಡಿಯೇಟರ್ ಬಿಚ್ಚಿ ರಾಡಿಂಗ್ (ಕೊಳವೆಗಳಿಗೆ ಸರಳು ತೂರಿಸಿ ಶುಚಿ) ಮಾಡಿಸಿ, ಬೇಸಿಗೆಯಲ್ಲಿ ಕಾಯುವ ಡೋಜರುಗಳಲ್ಲಿ ಬಹುಪಾಲು ತಪ್ಪು ಇಲ್ಲೇ. ಏರ್ ಕ್ಲೀನರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸು ಸೀಳಿದ್ದರೆ ಹೊಸ ರಿಂಗೂ ಒಂದು ಸೀಸನ್ನಿಗೆ ಮುಗಿಯುತ್ತದೆ.

ಚೈನಿನ ಬಿಗಿ ನಿಮ್ಮ ಮಣ್ಣಿನಲ್ಲೇ ಹೊಂದಿಸಿ. ಐಡ್ಲರ್ ಮತ್ತು ಮೇಲಿನ ರೋಲರಿನ ಮೇಲೆ ನೇರ ಪಟ್ಟಿ ಇಟ್ಟರೆ ನಡುವೆ 20–30 ಮಿ.ಮೀ. ಜೋತು ಇರಬೇಕು. ಎರೆ ಮಣ್ಣು ಸ್ಪ್ರಾಕೆಟ್ಟಿನ ಹಲ್ಲುಗಳ ನಡುವೆ ತುಂಬಿ ತಾನೇ ಚೈನನ್ನು ಬಿಗಿಯುತ್ತದೆ, ಆದ್ದರಿಂದ ತೊಳೆದ ಗಾಡಿಯಲ್ಲಿ ಅಲ್ಲ, ಅರ್ಧ ಗಂಟೆ ಕೆಸರಿನಲ್ಲಿ ಓಡಿದ ಗಾಡಿಯಲ್ಲಿ ಅಳೆಯಿರಿ. ಬಿಗಿ ಹೆಚ್ಚಾದ ಚೈನು ಪಿನ್, ಬುಷ್, ಫೈನಲ್ ಡ್ರೈವ್ ಬೇರಿಂಗ್ ಮೂರನ್ನೂ ತಿನ್ನುತ್ತದೆ.

ಸಡಿಲಿಸುವಾಗ ಗ್ರೀಸ್ ವಾಲ್ವನ್ನು ಒಂದು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ, ಮುಖ ಅದರ ಎದುರಿಗೆ ಇಡಬೇಡಿ. ಒಳಗಿನ ಗ್ರೀಸ್ ಭಾರೀ ಒತ್ತಡದಲ್ಲಿರುತ್ತದೆ, ವಾಲ್ವ್ ಗುಂಡಿನಂತೆ ಹಾರುತ್ತದೆ. ಐಡ್ಲರ್ ಹಿಂದಿನ ದೊಡ್ಡ ರಿಕಾಯಿಲ್ ಸ್ಪ್ರಿಂಗನ್ನು ಪ್ರೆಸ್ ಇಲ್ಲದೆ, ಗ್ಯಾಸ್ ಕಟ್ಟರಿನಿಂದ ಬಿಚ್ಚಲು ಹೋದವರು ಸತ್ತಿರುವುದುಂಟು, ಅದನ್ನು ವರ್ಕ್‌ಶಾಪಿಗೇ ಒಯ್ಯಿರಿ. ಎತ್ತಿದ ಬ್ಲೇಡಿನ ಅಡಿ ಮರದ ದಿಮ್ಮಿ ಇಡದೆ ಯಾರೂ ನುಸುಳಬಾರದು.

ದಿನದ ಕೆಲಸ ಮುಗಿದ ಮೇಲೆ ಚೈನಿನ ಮಣ್ಣು ಸಲಿಕೆಯಲ್ಲಿ ತೆಗೆಸಿ, ಒಣಗಿ ಗಟ್ಟಿಯಾದರೆ ಮರುದಿನ ರೋಲರ್ ತಿರುಗುವುದಿಲ್ಲ. ಕಟಿಂಗ್ ಎಡ್ಜಿನ ಒಂದು ಅಂಚು ಸವೆದರೆ ತಿರುವಿ ಹಾಕಬಹುದು, ಬೋಲ್ಟಿನ ತೂತಿನ ಹತ್ತಿರ ಬರುವವರೆಗೆ ಕಾಯಬೇಡಿ. ಶೂ ಬೋಲ್ಟುಗಳನ್ನು ಮೊದಲ 50 ಗಂಟೆಯಲ್ಲಿ ಒಮ್ಮೆ ಬಿಗಿದು ನೋಡಿ. ಸಡಿಲ ಬೋಲ್ಟು ಲಿಂಕಿನ ತೂತನ್ನೇ ಅಗಲ ಮಾಡಿಬಿಟ್ಟರೆ ಆ ಲಿಂಕು ಗುಜರಿಗೇ ಹೋಗಬೇಕು.